ಅಡ್ಯಾರ್ ದಂಡೆಯ ಕ್ರೈಸ್ತ ಜಿಜ್ಞಾಸೆ

೧

ಮತವೆಂಬುದು ಹುಟ್ಟಿನಿಂದ ಬಂದ ಪಿತ್ರಾರ್ಜಿತವೇ, ಅಥವಾ ಒಬ್ಬೊಬ್ಬನೂ ತಾನೇ ದುಡಿದು ಪಡೆಯಬೇಕಾದ ಸ್ವಯಾರ್ಜಿತವೇ ಎಂಬ ಪ್ರಶ್ನೆ ಎಲ್ಲ ಧರ್ಮಗಳ ಇತಿಹಾಸದಲ್ಲಿಯೂ ಒಂದಲ್ಲ ಒಂದು ಘಟ್ಟದಲ್ಲಿ ತಲೆಯೆತ್ತಿದೆ. ಭಾರತದ ಕ್ರೈಸ್ತರಿಗೆ ಈ ಪ್ರಶ್ನೆಯು ಒಂಟಿಯಾಗಿ ಬರಲಿಲ್ಲ. ಕ್ರಿಸ್ತನನ್ನು ನಂಬಿದವನು ತನ್ನ ನಾಡಿನವನಾಗಿಯೂ ಉಳಿಯಬಲ್ಲನೇ ಎಂಬ ಇನ್ನೊಂದು ಪ್ರಶ್ನೆಯನ್ನೂ ಜೊತೆಗೆ ಕರೆತಂದಿತು. ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊರಟವರಲ್ಲಿ ಹಲವರು ಮನೆಯನ್ನೂ ಮಕ್ಕಳನ್ನೂ ಬಂಧುವರ್ಗವನ್ನೂ ಕಳೆದುಕೊಂಡರು. ಆದಕಾರಣ ಇದು ಕೇವಲ ತತ್ತ್ವಶಾಸ್ತ್ರದ ಚರ್ಚೆಯೆಂದು ಬದಿಗಿಡತಕ್ಕ ವಿಷಯವಲ್ಲ.

ಈ ಜಿಜ್ಞಾಸೆಯ ಮುಖ್ಯ ಘಟ್ಟಗಳಲ್ಲಿ ಎರಡು ಒಂದೇ ಹೊಳೆಯ ದಂಡೆಯಲ್ಲಿ ನಡೆದುವೆಂಬುದು ಚೆನ್ನೈ ನಗರದ ಅಡ್ಯಾರಿನ ವಿಶೇಷ. ಅಡ್ಯಾರ್ ಎಂಬುದು ಇಂದು ಒಂದು ಬಡಾವಣೆಯ ಹೆಸರೂ ಹೌದು, ನಗರದ ದಕ್ಷಿಣ ಭಾಗವನ್ನು ಹಾದು ಬಂಗಾಳ ಕೊಲ್ಲಿಯನ್ನು ಸೇರುವ ಹೊಳೆಯ ಹೆಸರೂ ಹೌದು. ಸೈದಾಪೇಟೆಯ ಎದುರಿಗೆ ಈ ಹೊಳೆಯ ತೆಂಕಣ ದಡದಲ್ಲಿ ಚಿನ್ನಮಲೈ, ಎಂದರೆ ಚಿಕ್ಕ ಬೆಟ್ಟ, ಎಂಬ ಗುಡ್ಡವಿದೆ. ಕ್ರಿಸ್ತನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾದ ತೋಮನು ಅಲ್ಲಿ ನೆಲೆಸಿದ್ದನೆಂದು ಪರಂಪರೆಯು ಹೇಳುತ್ತದೆ. ಅದೇ ದಡದಲ್ಲಿ ಕೆಳಗೆ, ಹೊಳೆಯು ಕಡಲನ್ನು ಕೂಡುವೆಡೆಯಲ್ಲಿ, ಥಿಯಸಾಫಿಕಲ್ ಸೊಸೈಟಿ ಎಂಬ ಬ್ರಹ್ಮವಿದ್ಯಾ ಸಮಾಜದ ವಿಶಾಲವಾದ ತೋಟವಿದೆ. ಒಬ್ಬ ಪಾದ್ರಿಯ ಹೆಂಡತಿಯಾಗಿದ್ದು ಕ್ರೈಸ್ತಮತವನ್ನು ತೊರೆದ ಆನಿ ಬೆಸೆಂಟರು ತಮ್ಮ ಬಾಳಿನ ಕೊನೆಯ ದಿನಗಳನ್ನು ಕಳೆದುದು ಅಲ್ಲಿ. ಇದೇ ಮದರಾಸಿನಲ್ಲಿ, ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ, ಕೆಲವು ಮಂದಿ ಭಾರತೀಯ ಕ್ರೈಸ್ತರು ತಮ್ಮ ಮತವನ್ನು ತಾವೇ ಮರುವಿಮರ್ಶೆಗೆ ಒಡ್ಡಿದರು. ಬಳ್ಳಾರಿ ಜಿಲ್ಲೆಯ ಬಹುಭಾಗವು ೧೯೫೩ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯು ೧೯೫೬ರವರೆಗೂ ಮದರಾಸಿನ ಆಡಳಿತಕ್ಕೆ ಸೇರಿದ್ದುವಾಗಿ, ಈ ವಿಚಾರವು ಕನ್ನಡಿಗರಿಗೂ ಪರಕೀಯವಲ್ಲ.

೨

ಯೋಹಾನನ ಸುವಾರ್ತೆಯಲ್ಲಿ ತೋಮನ ಚಿತ್ರವು ಸ್ವಲ್ಪದರಲ್ಲಿಯೇ ಸ್ಪಷ್ಟವಾಗಿ ಮೂಡಿದೆ. ಶಿಲುಬೆಗೇರಿದ ಗುರುವು ಮರಳಿ ಕಾಣಿಸಿಕೊಂಡನೆಂದು ಉಳಿದ ಶಿಷ್ಯರು ಹೇಳಿದಾಗ ಅವನು ಒಪ್ಪಲಿಲ್ಲ. ಮೊಳೆಯ ಗಾಯದಲ್ಲಿ ತನ್ನ ಬೆರಳನ್ನಿಟ್ಟು ನೋಡಿದ ಹೊರತು ನಂಬುವುದಿಲ್ಲವೆಂದನು. ಎಂಟು ದಿನಗಳ ಮೇಲೆ ಗುರುವು ಅವನೆದುರಿಗೆ ನಿಂತು ಮುಟ್ಟಿ ನೋಡೆಂದಾಗ ಅವನಿಂದ ಹೊರಟ ಉದ್ಗಾರವು ಆ ಗ್ರಂಥದಲ್ಲಿಯೇ ಅತ್ಯಂತ ಪೂರ್ಣವಾದ ವಿಶ್ವಾಸದ ನುಡಿ. ಸಂಶಯಿಯೆಂಬ ಬಿರುದು ಅವನಿಗೆ ಎರಡು ಸಾವಿರ ವರ್ಷಗಳಿಂದ ಅಂಟಿಕೊಂಡಿದೆ. ಆದರೆ ಅವನು ಬೇಡಿದುದು ಕೇಳಿಕೆಯ ಮಾತಿನ ಬದಲಾಗಿ ಸ್ವಂತ ಅನುಭವವನ್ನು ಎಂಬುದನ್ನು ಮರೆಯಬಾರದು.

ಇಂತಹ ತೋಮನು ಭಾರತಕ್ಕೆ ಬಂದನೆಂಬುದಕ್ಕೆ ಇರುವ ಹಳೆಯ ಆಧಾರವೆಂದರೆ ಮೂರನೆಯ ಶತಮಾನದಲ್ಲಿ, ಪ್ರಾಯಶಃ ಎಡೆಸ್ಸಾ ನಗರದಲ್ಲಿ, ಸಿರಿಯಾಕ್ ಭಾಷೆಯಲ್ಲಿ ರಚಿತವಾದ 'ತೋಮನ ಕೃತ್ಯಗಳು' ಎಂಬ ಗ್ರಂಥ. ಅದರ ಕಥೆಯಂತೆ ತೋಮನು ಬಡಗಿಯ ಕೆಲಸ ಬಲ್ಲವನು; ಹಬ್ಬಾನನೆಂಬ ವರ್ತಕನಿಗೆ ಮಾರಲ್ಪಟ್ಟು ಭಾರತದ ಗುಂಡಫರನೆಂಬ ದೊರೆಯ ಬಳಿಗೆ ಬರುತ್ತಾನೆ. ಅರಮನೆ ಕಟ್ಟಲೆಂದು ದೊರೆಯು ಕೊಟ್ಟ ಹಣವನ್ನೆಲ್ಲ ಬಡವರಿಗೆ ಹಂಚಿಬಿಡುತ್ತಾನೆ. ಲೆಕ್ಕ ಕೇಳಿದಾಗ, ಅರಮನೆಯು ಪರಲೋಕದಲ್ಲಿ ಸಿದ್ಧವಾಗಿದೆಯೆಂದು ಉತ್ತರಿಸುತ್ತಾನೆ. ಬಹುಕಾಲದವರೆಗೆ ವಿದ್ವಾಂಸರು ಇದನ್ನು ಕಟ್ಟುಕಥೆಯೆಂದೇ ಎಣಿಸಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಗೊಂಡೊಫರ್ನೆಸ್ ಎಂಬ ಅರಸನ ನಾಣ್ಯಗಳೂ ತಖ್ತ್-ಇ-ಬಾಹಿಯ ಶಾಸನವೂ ದೊರೆತ ಮೇಲೆ, ಆ ಹೆಸರಿನ ಅರಸನು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ವಾಯವ್ಯ ಭಾರತವನ್ನು ಆಳಿದನೆಂಬುದು ತಿಳಿದುಬಂದಿತು. ಇದರಿಂದ ಕಥೆಗೆ ಒಂದು ಐತಿಹಾಸಿಕ ಚೌಕಟ್ಟು ದೊರೆತಂತಾಯಿತೇ ಹೊರತು, ತೋಮನ ಪ್ರಯಾಣವು ಸಿದ್ಧವಾದಂತಾಗಲಿಲ್ಲ. ಅಲ್ಲದೆ ಗುಂಡಫರನ ರಾಜ್ಯಕ್ಕೂ ಚೋಳಮಂಡಲದ ಕರಾವಳಿಗೂ ಇರುವ ದೂರವು ಸಾಮಾನ್ಯವಾದುದಲ್ಲ.

ಕ್ರಿಸ್ತಶಕ ೫೨ರಲ್ಲಿ ತೋಮನು ಕೇರಳದ ತೀರಕ್ಕೆ ಬಂದಿಳಿದನು, ೭೨ರಲ್ಲಿ ಮೈಲಾಪುರದ ಬಳಿ ಹತನಾದನು ಎಂಬುದು ದಕ್ಷಿಣದ ಕ್ರೈಸ್ತರ ಪರಂಪರೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಈ ಕರಾವಳಿಯನ್ನು ಹಾದುಹೋದ ಮಾರ್ಕೊ ಪೋಲೋ ಅಲ್ಲಿ ತೋಮನ ಸಮಾಧಿಯಿದ್ದುದನ್ನೂ, ಕ್ರೈಸ್ತರಲ್ಲದೆ ಮುಸಲ್ಮಾನರೂ ಅದಕ್ಕೆ ಯಾತ್ರೆ ಬರುತ್ತಿದ್ದುದನ್ನೂ, ಆ ಸ್ಥಳದ ಮಣ್ಣನ್ನು ಜ್ವರಕ್ಕೆ ಔಷಧವಾಗಿ ಒಯ್ಯುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ೧೫೪೭ರಲ್ಲಿ ಪರಂಗಿಮಲೈ ಎಂಬ ದೊಡ್ಡ ಬೆಟ್ಟದ ಮೇಲೆ ಪೋರ್ಚುಗೀಸರು ಅಗೆಯುತ್ತಿದ್ದಾಗ ಪಹ್ಲವಿ ಲಿಪಿಯ ಬರಹವುಳ್ಳ ಕಲ್ಲಿನ ಶಿಲುಬೆಯೊಂದು ಸಿಕ್ಕಿತು. ಲಿಪಿಯ ಸ್ವರೂಪವನ್ನು ನೋಡಿದರೆ ಅದು ತೋಮನ ಕಾಲದ್ದಲ್ಲ, ಅವನಿಗಿಂತ ಹಲವು ಶತಮಾನಗಳ ಈಚಿನದು. ಆದರೂ ಪೋರ್ಚುಗೀಸರು ಬರುವುದಕ್ಕೆ ಬಹಳ ಮುಂಚೆಯೇ ಪಾರಸಿಕ ಸಂಪರ್ಕವುಳ್ಳ ಕ್ರೈಸ್ತರು ಇಲ್ಲಿ ಬಾಳಿದ್ದರೆಂಬುದನ್ನು ಅದು ನಿಸ್ಸಂದೇಹವಾಗಿ ಸಾರುತ್ತದೆ. ಕ್ರೈಸ್ತಮತವು ಐರೋಪ್ಯರ ಹಡಗಿನಲ್ಲಿ ಬಂದ ಸರಕೆಂದು ಹೇಳುವವರಿಗೆ ಈ ಕಲ್ಲೊಂದೇ ಸಾಕಾದ ಉತ್ತರ.

ಚಿನ್ನಮಲೈಯ ಮೇಲೆ ಪೋರ್ಚುಗೀಸರು ೧೫೫೧ರಲ್ಲಿ ಇಗರ್ಜಿಯನ್ನು ಕಟ್ಟಿದರು. ಅಲ್ಲಿಯ ಗವಿಯಲ್ಲಿ ತೋಮನು ಅಡಗಿದ್ದನೆಂದೂ, ಅಲ್ಲಿಯ ಬಂಡೆಯಿಂದ ನೀರನ್ನು ಬರಿಸಿದನೆಂದೂ ಭಕ್ತರು ನಂಬುತ್ತಾರೆ. ೧೭೨೬ರಲ್ಲಿ ಕೋಜಾ ಪೆಟ್ರುಸ್ ಉಸ್ಕಾನ್ ಎಂಬ ಆರ್ಮೇನಿಯನ್ ವರ್ತಕನು ಅಡ್ಯಾರ್ ಹೊಳೆಗೆ ಅಡ್ಡಲಾಗಿ ಮಾರ್ಮಲಾಂಗ್ ಸೇತುವೆಯನ್ನು ತನ್ನ ಸ್ವಂತ ಹಣದಿಂದ ಕಟ್ಟಿಸಿದನು. ದೊಡ್ಡ ಬೆಟ್ಟವನ್ನು ಹತ್ತಲು ಮೆಟ್ಟಿಲುಗಳನ್ನೂ ಹಾಕಿಸಿದನು. ಗುಂಡಫರನ ಅರಮನೆಯ ಕಥೆಯನ್ನು ಆ ವರ್ತಕನು ಬಲ್ಲವನಾಗಿದ್ದನೋ ಇಲ್ಲವೋ. ಹಣವನ್ನು ಯಾವುದಕ್ಕೆ ತೊಡಗಿಸಬೇಕೆಂಬ ವಿಷಯದಲ್ಲಿ ಅವನು ತೋಮನ ಲೆಕ್ಕವನ್ನೇ ಅನುಸರಿಸಿದನೆನ್ನಬಹುದು. ಈ ಬೆಟ್ಟಕ್ಕೆ ಬರುವ ಯಾತ್ರಿಕನು ಶಾಸನ ನಾಣ್ಯಗಳ ಪ್ರಮಾಣವನ್ನು ಕೇಳುವವನಲ್ಲ. ಅವನಿಗೆ ಸ್ಥಳವೇ ಪ್ರಮಾಣ, ಹಿರಿಯರ ನಡೆಯೇ ಸಾಕ್ಷಿ. ಪರಂಪರೆಯಿಂದ ಬಂದ ಕ್ರೈಸ್ತತ್ವದ ಬಲವೂ ಇದೇ, ಮಿತಿಯೂ ಇದೇ.

೩

ಚಿನ್ನಮಲೈಯ ಯಾತ್ರಿಕನು ಕೇಳದೆ ಬಿಟ್ಟ ಪ್ರಶ್ನೆಗಳನ್ನೇ ಕೇಳಿದವರು ಹೊಳೆಯ ಅಳಿವೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ಸೇರಿದರು. ೧೮೭೫ರಲ್ಲಿ ನ್ಯೂಯಾರ್ಕಿನಲ್ಲಿ ಮೇಡಂ ಬ್ಲಾವಟ್‌ಸ್ಕಿ, ಕರ್ನಲ್ ಆಲ್ಕಾಟ್ ಮೊದಲಾದವರು ಸ್ಥಾಪಿಸಿದ ಥಿಯಸಾಫಿಕಲ್ ಸೊಸೈಟಿಯು ೧೮೭೯ರಲ್ಲಿ ಮುಂಬಯಿಗೆ ಬಂದು, ೧೮೮೨ರಲ್ಲಿ ಅಡ್ಯಾರಿನ ಹಡಲ್‌ಸ್ಟನ್ ತೋಟವನ್ನು ಕೊಂಡು ಅಲ್ಲಿ ತನ್ನ ಕೇಂದ್ರವನ್ನು ನೆಲೆಗೊಳಿಸಿತು. ಕ್ರೈಸ್ತ ಮಿಶನರಿಗಳಿಗೂ ಈ ಸಮಾಜಕ್ಕೂ ಆರಂಭದಿಂದಲೇ ವೈಮನಸ್ಯವಿದ್ದಿತು. ೧೮೮೪ರಲ್ಲಿ ಸಮಾಜದ ಮನೆಯಿಂದ ಹೊರಹಾಕಲ್ಪಟ್ಟ ಕೂಲಂಬ್ ದಂಪತಿಗಳು ಒದಗಿಸಿದ ಪತ್ರಗಳನ್ನು ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಪತ್ರಿಕೆಯು ಪ್ರಕಟಿಸಿ, ಬ್ಲಾವಟ್‌ಸ್ಕಿಯವರ ಪವಾಡಗಳು ಕಪಟವೆಂದು ಸಾರಿತು. ೧೮೮೫ರ ಹಾಡ್ಜ್‌ಸನ್ ವರದಿಯು ಈ ಆಪಾದನೆಯನ್ನು ಎತ್ತಿಹಿಡಿಯಿತು. ಒಂದು ನೂರು ವರ್ಷಗಳ ತರುವಾಯ, ೧೯೮೬ರಲ್ಲಿ, ವರ್ನನ್ ಹ್ಯಾರಿಸನ್ ಎಂಬ ವಿದ್ವಾಂಸರು ಆ ವರದಿಯ ವಿಧಾನವನ್ನೇ ತೀಕ್ಷ್ಣವಾಗಿ ಖಂಡಿಸಿದರು. ಬ್ಲಾವಟ್‌ಸ್ಕಿಯವರು ೧೮೮೫ರಲ್ಲಿ ಭಾರತವನ್ನು ಬಿಟ್ಟುಹೋದರು. ಈ ವ್ಯಾಜ್ಯದ ಗದ್ದಲದಲ್ಲಿ, ಅಡ್ಯಾರಿಗೆ ಬಂದು ಸೇರಿದವರಲ್ಲಿ ಹಲವರು ಕ್ರೈಸ್ತ ಮನೆತನಗಳಿಂದಲೇ ಹೊರಟುಬಂದವರು, ಅವರ ಶೋಧನೆಯು ಕ್ರೈಸ್ತಮತದ ಒಳಗಿನ ಸಂಕಟದಿಂದಲೇ ಹುಟ್ಟಿದುದು ಎಂಬ ಅಂಶವು ಮರೆಯಾಗಿಹೋಯಿತು.

ಆನಿ ಬೆಸೆಂಟರ ಜೀವನವು ಇದಕ್ಕೆ ಉತ್ತಮ ನಿದರ್ಶನ. ೧೮೪೭ರಲ್ಲಿ ಲಂಡನ್ನಿನಲ್ಲಿ ಜನಿಸಿದ ಆಕೆ ಬಾಲ್ಯದಿಂದಲೂ ತೀವ್ರ ದೈವಭಕ್ತೆ. ೧೮೬೭ರಲ್ಲಿ ಫ್ರಾಂಕ್ ಬೆಸೆಂಟ್ ಎಂಬ ಆಂಗ್ಲಿಕನ್ ಪಾದ್ರಿಯನ್ನು ಮದುವೆಯಾದರು. ೧೮೭೧ರಲ್ಲಿ ಹಸುಳೆ ಮೇಬಲ್ ನಾಯಿಕೆಮ್ಮಿನಿಂದ ಸಾವಿನ ಬಾಯಿಗೆ ಬಂದು ನರಳಿದುದನ್ನು ಕಂಡಾಗ, ದಯಾಮಯನಾದ ದೇವರು ಇದನ್ನು ಹೇಗೆ ಸಹಿಸುತ್ತಾನೆಂಬ ಪ್ರಶ್ನೆ ಆಕೆಯನ್ನು ಹಿಡಿಯಿತು. ಮಗುವು ಬದುಕಿಕೊಂಡಿತು, ಪ್ರಶ್ನೆಯೂ ಉಳಿದುಕೊಂಡಿತು. ಆಕ್ಸ್‌ಫರ್ಡಿನ ಪ್ರಖ್ಯಾತ ಧರ್ಮಪಂಡಿತರಾದ ಡಾಕ್ಟರ್ ಪ್ಯೂಸಿಯವರಲ್ಲಿಗೆ ಹೋಗಿ ತಮ್ಮ ಶಂಕೆಗಳನ್ನು ತೋಡಿಕೊಂಡಾಗ, ಅವರು ಓದಿದುದೇ ಹೆಚ್ಚಾಯಿತೆಂದು ಹೇಳಿ, ಪ್ರಾರ್ಥನೆಯನ್ನು ವಿಧಿಸಿ ಕಳುಹಿಸಿದರು. ತೋಮನಿಗೆ ಗುರುವು ಗಾಯವನ್ನು ಮುಂದೊಡ್ಡಿದ ಕಥೆಯನ್ನು ಬಲ್ಲವರಿಗೆ, ಈ ಪಂಡಿತರ ಉತ್ತರವು ಎಷ್ಟು ಬೇರೆಯದೆಂಬುದು ಹೊಳೆಯದಿರದು.

ಕ್ರಿಸ್ತನ ದೈವತ್ವದಲ್ಲಿ ನಂಬಿಕೆಯು ಸಡಿಲವಾದ ಮೇಲೆ, ಗಂಡನ ಇಗರ್ಜಿಯಲ್ಲಿ ಪ್ರಭುಭೋಜನದ ಸಂಸ್ಕಾರವನ್ನು ಸ್ವೀಕರಿಸುವುದು ಆತ್ಮವಂಚನೆಯೆಂದು ಬೆಸೆಂಟರಿಗೆ ತೋರಿತು. ಸಂಸ್ಕಾರವನ್ನು ಸ್ವೀಕರಿಸಬೇಕು, ಇಲ್ಲವೇ ಮನೆಯನ್ನು ಬಿಡಬೇಕು ಎಂಬ ಸ್ಥಿತಿಯು ಒದಗಿದಾಗ ೧೮೭೩ರಲ್ಲಿ ಅವರು ಮನೆಯನ್ನೇ ಬಿಟ್ಟರು. ಮಗನು ತಂದೆಯ ಬಳಿಯಲ್ಲಿ ಉಳಿದನು. ಮುಂದೆ ಬ್ರಾಡ್ಲಾರೊಡನೆ ನಿರೀಶ್ವರವಾದದ ಪ್ರಚಾರಕ್ಕಿಳಿದು, ೧೮೭೭ರಲ್ಲಿ ಸಂತಾನನಿಯಂತ್ರಣವನ್ನು ಕುರಿತ ಪುಸ್ತಿಕೆಯ ಪ್ರಕಟನೆಗಾಗಿ ವಿಚಾರಣೆಗೊಳಗಾದರು. ೧೮೭೮ರಲ್ಲಿ ಆಂಗ್ಲ ನ್ಯಾಯಾಲಯವು ಅವರ ಇಂತಹ ಅಭಿಪ್ರಾಯಗಳನ್ನು ಮುಂದುಮಾಡಿ ಮೇಬಲಳನ್ನೂ ತಾಯಿಯಿಂದ ಬೇರ್ಪಡಿಸಿತು. ಯಾವ ಮಗುವಿನ ರೋಗಶಯ್ಯೆಯ ಬಳಿಯಲ್ಲಿ ಸಂಶಯವು ಹುಟ್ಟಿತೋ, ಆ ಮಗುವನ್ನೇ ಅದಕ್ಕೆ ಬೆಲೆಯಾಗಿ ತೆರಬೇಕಾಯಿತು. ದೊಡ್ಡವರಾದ ಮೇಲೆ ಮಕ್ಕಳಿಬ್ಬರೂ ತಾಯಿಯ ಬಳಿಗೆ ಮರಳಿದರೆಂಬುದು ಸಮಾಧಾನದ ಸಂಗತಿ.

ಆದರೆ ಕೇವಲ ನಿರಾಕರಣೆಯು ಆ ಜೀವಕ್ಕೆ ತೃಪ್ತಿಯನ್ನು ಕೊಡಲಿಲ್ಲ. ೧೮೮೯ರಲ್ಲಿ ಬ್ಲಾವಟ್‌ಸ್ಕಿಯವರ ಗ್ರಂಥವೊಂದನ್ನು ವಿಮರ್ಶೆಗಾಗಿ ಓದಿ ಅವರು ಸಮಾಜವನ್ನು ಸೇರಿದರು. ೧೮೯೩ರಲ್ಲಿ ಭಾರತಕ್ಕೆ ಬಂದರು. ೧೯೦೭ರಲ್ಲಿ ಸಮಾಜದ ಅಧ್ಯಕ್ಷರಾದರು. ೧೯೦೧ರಲ್ಲಿ ಪ್ರಕಟವಾದ 'ಎಸೊಟೆರಿಕ್ ಕ್ರಿಶ್ಚಿಯಾನಿಟಿ' ಎಂಬ ಗ್ರಂಥವು ಅವರು ಬಿಟ್ಟುಬಂದ ಮತವನ್ನು ಮತ್ತೆ ಎದುರಿಸಿ ನಿಂತುದಕ್ಕೆ ಸಾಕ್ಷಿ. ಐತಿಹಾಸಿಕ ಕ್ರಿಸ್ತ, ಪುರಾಣದ ಕ್ರಿಸ್ತ, ಅನುಭಾವದ ಕ್ರಿಸ್ತ ಎಂದು ಮೂರು ಬಗೆಯಾಗಿ ವಿಂಗಡಿಸಿ, ಮೂರನೆಯದನ್ನು ಪ್ರತಿಯೊಂದು ಜೀವವೂ ತನ್ನೊಳಗೆ ಅರಳಿಸಿಕೊಳ್ಳಬೇಕಾದ ಸ್ಥಿತಿಯೆಂದು ಅವರು ವಿವರಿಸಿದರು. ಸಾಂಪ್ರದಾಯಿಕ ಕ್ರೈಸ್ತರು ಇದನ್ನು ಒಪ್ಪಲಿಲ್ಲ. ಪುರಾತನ ಸಭೆಯಲ್ಲಿ ಗುಪ್ತವಿದ್ಯೆಯೊಂದಿದ್ದಿತೆಂಬ ಅವರ ವಾದವನ್ನು ಇತಿಹಾಸಕಾರರೂ ಸಾಮಾನ್ಯವಾಗಿ ಅಂಗೀಕರಿಸಿಲ್ಲ. ಆದರೂ ಒಮ್ಮೆ ಕ್ರಿಸ್ತನನ್ನು ತೊರೆದು ಹೊರಟವರು ಮುವ್ವತ್ತು ವರ್ಷಗಳ ತರುವಾಯ ಅವನನ್ನು ಅರ್ಥಮಾಡಿಕೊಳ್ಳಲು ಮರಳಿ ಯತ್ನಿಸಿದುದು ಗಮನಾರ್ಹ. ಆಂಗ್ಲಿಕನ್ ಪಾದ್ರಿಯಾಗಿದ್ದು ೧೮೮೪ರಲ್ಲಿ ಅಡ್ಯಾರಿಗೆ ಬಂದ ಲೆಡ್‌ಬೀಟರರು ೧೯೧೬ರಲ್ಲಿ ಬಿಶಪ್ ದೀಕ್ಷೆಯನ್ನು ಪಡೆದು ವೆಡ್ಜ್‌ವುಡ್ಡರೊಡನೆ ಲಿಬರಲ್ ಕ್ಯಾಥೊಲಿಕ್ ಸಭೆಯನ್ನು ರೂಪಿಸಿದರು. ಆ ಸಭೆಯ ಪುಟ್ಟ ದೇವಾಲಯವೊಂದು ಅಡ್ಯಾರ್ ತೋಟದಲ್ಲಿ ಹಿಂದೂ, ಬೌದ್ಧ, ಪಾರಸಿ, ಇಸ್ಲಾಂ ಧರ್ಮಗಳ ಮಂದಿರಗಳ ಜೊತೆಯಲ್ಲಿಯೇ ಇದೆ.

ಈ ಪ್ರಯತ್ನದ ಇನ್ನೊಂದು ಮುಖವನ್ನೂ ಮುಚ್ಚಿಡಲಾಗದು. ೧೯೦೯ರಲ್ಲಿ ಅಡ್ಯಾರಿನ ಕಡಲ ದಂಡೆಯಲ್ಲಿ ಕಂಡ ಬಾಲಕ ಜಿಡ್ಡು ಕೃಷ್ಣಮೂರ್ತಿಯನ್ನು, ಬರಲಿರುವ ಜಗದ್ಗುರುವಿಗೆ ಪಾತ್ರವಾಗತಕ್ಕವನೆಂದು ಲೆಡ್‌ಬೀಟರರು ಸಾರಿದರು. ಆ ಜಗದ್ಗುರುವೇ ಹಿಂದೆ ಯೇಸುವಿನ ದೇಹದಲ್ಲಿ ನೆಲೆಸಿ ಕ್ರಿಸ್ತನೆನಿಸಿದವನು ಎಂಬುದು ಅವರ ಬೋಧನೆ. ಮಕ್ಕಳ ಪಾಲನೆಯನ್ನು ಬೆಸೆಂಟರಿಗೆ ಒಪ್ಪಿಸಿದ್ದ ತಂದೆ ನಾರಾಯಣಯ್ಯನವರು ೧೯೧೨ರಲ್ಲಿ ಅವರನ್ನು ಮರಳಿ ಪಡೆಯಲು ಮದರಾಸಿನಲ್ಲಿ ದಾವೆ ಹೂಡಿದರು. ೧೯೧೩ರಲ್ಲಿ ತಂದೆಯ ಪರವಾಗಿ ತೀರ್ಪಾಯಿತು; ೧೯೧೪ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ರದ್ದುಪಡಿಸಿತು. ತಮ್ಮ ಅಭಿಪ್ರಾಯಗಳಿಗಾಗಿ ಮಗಳನ್ನು ನ್ಯಾಯಾಲಯದಲ್ಲಿ ಕಳೆದುಕೊಂಡಿದ್ದ ತಾಯಿಯು, ತಮ್ಮ ನಂಬಿಕೆಗಾಗಿ ಇನ್ನೊಬ್ಬ ತಂದೆಯೊಡನೆ ನ್ಯಾಯಾಲಯದಲ್ಲಿ ಹೋರಾಡಬೇಕಾಗಿ ಬಂದುದು ಇತಿಹಾಸದ ಕಠೋರ ವಿಪರ್ಯಾಸ. ೧೯೨೯ರಲ್ಲಿ ಕೃಷ್ಣಮೂರ್ತಿಯವರು ತಮಗಾಗಿ ಕಟ್ಟಿದ್ದ ತಾರಾಸಂಘವನ್ನು ತಾವೇ ವಿಸರ್ಜಿಸಿ, ಸತ್ಯವನ್ನು ಯಾವ ಸಂಸ್ಥೆಯೂ ಯಾರಿಗೂ ತಂದುಕೊಡಲಾರದೆಂಬ ನಿಲುವನ್ನು ತಳೆದರು. ಬೆಸೆಂಟರು ೧೯೩೩ರ ಸೆಪ್ಟೆಂಬರ್ ೨೦ರಂದು ಅಡ್ಯಾರಿನಲ್ಲಿ ತೀರಿಕೊಂಡರು. ಪಾದ್ರಿಯ ಮನೆಯಿಂದ ಹೊರಟ ಪ್ರಶ್ನೆಯು ಹೊಸದೊಂದು ಸಭೆಯಾಗಿ ಗಟ್ಟಿಗೊಳ್ಳುವಷ್ಟರಲ್ಲಿ, ಅದೇ ತೋಟದಲ್ಲಿ ಬೆಳೆದ ಬಾಲಕನು ಆ ಪ್ರಶ್ನೆಯನ್ನು ಮತ್ತೆ ಬಿಡಿಸಿಟ್ಟಂತಾಯಿತು.

೪

ಬೆಸೆಂಟರು ಸಭೆಯನ್ನು ಬಿಟ್ಟು ಶೋಧನೆಗೆ ಹೊರಟರು. ಸಭೆಯ ನೆರಳಿನಲ್ಲಿ ನಿಂತುಕೊಂಡೇ ಅದನ್ನು ಪ್ರಶ್ನಿಸಿದವರೂ ಮದರಾಸಿನಲ್ಲಿದ್ದರು. ೧೮೮೦ರಲ್ಲಿ ಹುಟ್ಟಿದ ವೆಂಗಲ್ ಚಕ್ಕರೈಯವರು ಮದರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, ಅಲ್ಲಿಯ ಪ್ರಾಂಶುಪಾಲರಾದ ವಿಲಿಯಂ ಮಿಲ್ಲರರ ಪ್ರಭಾವಕ್ಕೊಳಗಾಗಿ ೧೯೦೩ರಲ್ಲಿ ದೀಕ್ಷಾಸ್ನಾನವನ್ನು ಪಡೆದರು. ಬಲವಂತದ ಮತಾಂತರಕ್ಕಿಂತ, ಹಿಟ್ಟಿನಲ್ಲಿ ಹುಳಿ ಹರಡುವಂತೆ ಕ್ರಿಸ್ತನ ವಿಚಾರವು ಸಮಾಜದಲ್ಲಿ ಹರಡಬೇಕೆಂಬುದು ಮಿಲ್ಲರರ ಅಭಿಮತವಾಗಿತ್ತು. ಚಕ್ಕರೈಯವರು ವಕೀಲರು, ರಾಷ್ಟ್ರೀಯವಾದಿಗಳು, ಕಾರ್ಮಿಕ ನಾಯಕರು, ೧೯೪೧ರಲ್ಲಿ ಮದರಾಸಿನ ಮೇಯರ್ ಪದವಿಗೇರಿದವರು. ಯೇಸುವನ್ನು ಅವತಾರವೆಂಬ ಭಾರತೀಯ ಕಲ್ಪನೆಯ ಬೆಳಕಿನಲ್ಲಿ ವ್ಯಾಖ್ಯಾನಿಸಿ, ಆ ಅವತಾರವು ಬಂದುಹೋದುದಲ್ಲ, ಪವಿತ್ರಾತ್ಮನ ಮೂಲಕ ಇಂದಿಗೂ ನಡೆಯುತ್ತಿರುವುದು ಎಂದು ಅವರು ಪ್ರತಿಪಾದಿಸಿದರು. ಅವರ ಬಂಧುಗಳಾದ ಪಂಡಿಪೆದ್ದಿ ಚೆಂಚಯ್ಯನವರು (೧೮೮೬–೧೯೫೯) ಪುದುಕ್ಕೋಟೆ ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು. ಯೇಸುವಿನಲ್ಲಿ ಮಾನವಕುಲದ ಹೊಸ ಸೃಷ್ಟಿಯ ಆರಂಭವನ್ನು ಕಂಡು, ಸಂಸ್ಥೆ ಸಿದ್ಧಾಂತಗಳನ್ನು ದಾಟಿ ನೇರವಾಗಿ ಅವನನ್ನು ಅನುಭವಿಸುವುದೇ ಕ್ರೈಸ್ತತ್ವದ ತಿರುಳೆಂದು ಅವರು ಸಾರಿದರು. ತಾವು ಹುಟ್ಟಿ ಬೆಳೆದ ಹಿಂದೂ ಪರಂಪರೆಯನ್ನು ಶತ್ರುವೆಂದು ಎಣಿಸಲು ಅವರು ಸಿದ್ಧರಿರಲಿಲ್ಲ.

೧೯೩೮ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಮಿಶನರಿ ಪರಿಷತ್ತಿನ ಮಹಾಸಮ್ಮೇಳನವು ಮದರಾಸಿನ ಹೊರವಲಯದ ತಾಂಬರಂನಲ್ಲಿ, ಕ್ರಿಶ್ಚಿಯನ್ ಕಾಲೇಜಿನ ಹೊಸ ಆವರಣದಲ್ಲಿ ಸೇರಿತು. ಅದಕ್ಕಾಗಿ ಡಚ್ ವಿದ್ವಾಂಸರಾದ ಹೆಂಡ್ರಿಕ್ ಕ್ರೇಮರರು ಬರೆದ ಗ್ರಂಥವು ಕ್ರಿಸ್ತನಲ್ಲಿ ಪ್ರಕಟವಾದ ದೈವವಾಣಿಗೂ ಮಾನವರ ಮತಗಳಿಗೂ ನಡುವೆ ಸೇತುವೆಯಿಲ್ಲವೆಂಬ ಅರ್ಥವನ್ನು ಧ್ವನಿಸಿತು. ಚೆಂಚಯ್ಯ, ಚಕ್ಕರೈ ಮತ್ತು ಅವರ ಗೆಳೆಯರು ಅದೇ ವರ್ಷ 'ರೀಥಿಂಕಿಂಗ್ ಕ್ರಿಶ್ಚಿಯಾನಿಟಿ ಇನ್ ಇಂಡಿಯಾ' ಎಂಬ ಲೇಖನಸಂಕಲನವನ್ನು ಹೊರತಂದು ತಮ್ಮ ಭಿನ್ನಮತವನ್ನು ದಾಖಲೆ ಮಾಡಿದರು. ಕ್ರಿಸ್ತನನ್ನು ಸ್ವೀಕರಿಸುವುದಕ್ಕೆ ಪಾಶ್ಚಾತ್ಯ ಸಭೆಯ ಕಟ್ಟಳೆಗಳೆಲ್ಲವನ್ನೂ ಹೊರಬೇಕಾಗಿಲ್ಲವೆಂಬುದು ಅವರ ವಾದದ ಸಾರ. ಇವರ ವಿಚಾರದಿಂದ ಸಭೆಯ ನಿತ್ಯದ ನಡವಳಿಕೆಯು ಬದಲಾಯಿತೆನ್ನಲಾಗದು. ಆದರೆ ಭಾರತೀಯ ಕ್ರೈಸ್ತಚಿಂತನೆಯನ್ನು ಕುರಿತು ಬರೆಯುವವರು ಇಂದಿಗೂ ಇವರನ್ನು ಬಿಟ್ಟು ಮುಂದೆ ಹೋಗಲಾರರು.

೫

ಮದರಾಸಿನಲ್ಲಿ ವಾದದ ರೂಪವನ್ನು ತಳೆದ ಈ ಜಿಜ್ಞಾಸೆಯು ಕನ್ನಡನಾಡಿನಲ್ಲಿ ಸಾಹಿತ್ಯಸೇವೆಯ ರೂಪವನ್ನು ತಳೆಯಿತು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಚರಿತ್ರೆಯಲ್ಲಿ ಇದರ ಬೀಜಗಳಿವೆ. ಸಾರಸ್ವತ ಬ್ರಾಹ್ಮಣ ಕುಲದ ಆನಂದರಾವ್ ಕೌಂಡಿನ್ಯರು ೧೮೪೪ರಲ್ಲಿ ದೀಕ್ಷೆ ಪಡೆದಾಗ ಜಾತಿಬಾಂಧವರಿಂದ ದೂರವಾಗಬೇಕಾಯಿತು. ನಿಘಂಟುಕಾರರಾದ ಕಿಟ್ಟೆಲರು ೧೮೬೨ರಲ್ಲಿಯೇ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಕನ್ನಡ ಪದ್ಯಕೃತಿಯಾಗಿ ಹೆಣೆದರು.

ಈ ಪರಂಪರೆಯ ಪೂರ್ಣಫಲವೆಂದರೆ ಉತ್ತಂಗಿ ಚನ್ನಪ್ಪನವರು (೧೮೮೧–೧೯೬೨). ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಶನ್ ದೈವಜ್ಞಾನ ಶಾಲೆಯಲ್ಲಿ ಓದಿ, ಪಾದ್ರಿಗಳಾಗಿ ಸೇವೆ ಸಲ್ಲಿಸಿದ ಅವರು, ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹಡಗಲಿ ಸೀಮೆಯಲ್ಲಿ ಬಹುಕಾಲ ನೆಲೆಸಿದ್ದರು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ತಮ್ಮ ಕೃತಿಗೆ ಅವರು ಕೊಟ್ಟ ಹೆಸರಿನಲ್ಲಿಯೇ ಅವರ ಮನೋಧರ್ಮವಿದೆ. ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಕೊಡುವುದಿಲ್ಲ, ವಿನಂತಿ ಮಾಡುತ್ತದೆ. ಊರೂರು ತಿರುಗಿ, ಓಲೆಗರಿಗಳನ್ನೂ ಜನರ ಬಾಯಲ್ಲಿದ್ದ ಪದ್ಯಗಳನ್ನೂ ಸಂಗ್ರಹಿಸಿ ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಹೊರತಂದರು. ೧೯೪೯ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ನಾಡವರು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಅನುಭವಮಂಟಪವು ಇತಿಹಾಸವಲ್ಲ, ಬರಿಯ ಕಲ್ಪನೆಯೆಂಬ ಸಂಶಯವು ಪ್ರಬಲವಾಗಿ ತಲೆದೋರಿದಾಗ ಅದರ ಐತಿಹಾಸಿಕತೆಯನ್ನು ಎತ್ತಿಹಿಡಿದು ಗ್ರಂಥವನ್ನು ಬರೆದವರಲ್ಲಿ ಒಬ್ಬರು ಈ ಕ್ರೈಸ್ತ ಪಾದ್ರಿ. ಅನ್ಯಮತದ ಶರಣರ ಅನುಭವಕ್ಕೆ ಸಾಕ್ಷಿ ನಿಲ್ಲುವುದು ತಮ್ಮ ಕ್ರೈಸ್ತತ್ವಕ್ಕೆ ಕುಂದೆಂದು ಅವರಿಗೆ ತೋರಲಿಲ್ಲ. ಶರಣರೂ ಸರ್ವಜ್ಞನೂ ಅವರಿಗೆ ಪರಕೀಯರಾಗಿರಲಿಲ್ಲ. 'ತಿರುಳ್ಗನ್ನಡದ ತಿರುಕ' ಎಂಬ ಹೆಸರನ್ನು ಅವರು ಹೆಮ್ಮೆಯಿಂದಲೇ ಹೊತ್ತರು.

ಇವರೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಸಾಧುವಲ್ಲ. ಚಿನ್ನಮಲೈಯ ಯಾತ್ರಿಕನಿಗೆ ಬೆಸೆಂಟರ ಗ್ರಂಥವು ರುಚಿಸದು. ಬೆಸೆಂಟರ ಗುಪ್ತವಿದ್ಯೆಯು ಸಭೆಯ ಉಪದೇಶದಿಂದ ದೂರ ಸರಿದುದು. ಚೆಂಚಯ್ಯನವರ ಮಾರ್ಗವೂ ಉತ್ತಂಗಿಯವರ ಮಾರ್ಗವೂ ಒಂದೇ ಅಲ್ಲ. ಆದರೆ ಪ್ರಶ್ನಿಸಿದವರೆಲ್ಲರಲ್ಲಿಯೂ ಒಂದು ಅಂಶವು ಸಮಾನವಾಗಿ ಕಂಡುಬರುತ್ತದೆ: ಕೇಳಿಕೆಯ ಮಾತಿನಿಂದ ತೃಪ್ತರಾಗದೆ, ತಾವೇ ಮುಟ್ಟಿ ನೋಡಬೇಕೆಂಬ ಹಂಬಲ. ಈ ಹಂಬಲವನ್ನು ಅಪನಂಬಿಕೆಯೆಂದು ತಳ್ಳಿದ ಕಡೆ ಸಭೆಯು ತನ್ನವರನ್ನು ಕಳೆದುಕೊಂಡಿತು. ಅದಕ್ಕೆ ಎಡೆಗೊಟ್ಟ ಕಡೆ ಮತಕ್ಕೂ ನಾಡಿಗೂ ನುಡಿಗೂ ಏಕಕಾಲದಲ್ಲಿ ಸೇವೆ ಸಲ್ಲಿಸಿದವರು ಹುಟ್ಟಿಬಂದರು. ಶಿಷ್ಯರಲ್ಲಿ ಸಂಶಯಿಯೆನಿಸಿದವನ ಹೆಸರನ್ನೇ ದಕ್ಷಿಣ ಭಾರ‍ತದ ಕ್ರೈಸ್ತರು ತಮ್ಮ ಮೂಲಪುರುಷನ ಹೆಸರೆಂದು ಶತಮಾನಗಳಿಂದ ಹೇಳಿಕೊಂಡು ಬಂದಿದ್ದಾರೆ. ಅವನು ಅಡ್ಯಾರ್ ದಂಡೆಗೆ ಬಂದನೇ ಇಲ್ಲವೇ ಎಂಬುದು ಇತಿಹಾಸಕಾರರ ಮುಂದಿರುವ ಪ್ರಶ್ನೆ. ಅವನು ತನ್ನ ಗುರುವಿನ ಮುಂದಿಟ್ಟ ಬೇಡಿಕೆಯು ಈ ದಂಡೆಯಲ್ಲಿ ಮತ್ತೆ ಮತ್ತೆ ಕೇಳಿಬಂದಿತೆಂಬುದಕ್ಕೆ ಮಾತ್ರ ಇತಿಹಾಸವೇ ಸಾಕ್ಷಿಯಾಗಿದೆ.